ಖಾಲಿ ಬಿಡುವ ಹಾಗಿಲ್ಲ

ನಮ್ಮ ಆಸ್ಪತ್ರೆಯ ಲ್ಯಾಬಿನಲ್ಲಿ ನಾನು ಚುಚ್ಚುವವಳು, ಗಾಜಕ್ಕ ನೋಡುವವಳು. ನನ್ನನ್ನು ಕಂಡರೆ ರೋಗಿಗಳು ಮುಖ ಸಿಂಡರಿಸುತ್ತಾರೆ. ಅವಳನ್ನು ಅವರು ಕಂಡೇ ಇಲ್ಲ. ನಾನು ತೆಗೆದ ರಕ್ತ ಸಣ್ಣ ಕಿಟಕಿಯೊಳಗಿಂದ ಅವಳ ಮೇಜಿಗೆ ಹೋಗುತ್ತದೆ. ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲೆ ಬಿಟ್ಟು, ಇನ್ನೊಂದು ಗಾಜಿನ ಅಂಚಿನಿಂದ ಒಂದೇ ಎಳೆತಕ್ಕೆ ತೆಳ್ಳಗೆ ಹರಡಿ, ಒಣಗಿಸಿ, ಬಣ್ಣ ಹಾಕಿ ಮೈಕ್ರೋಸ್ಕೋಪಿನ ಕೆಳಗಿಡುತ್ತಾಳೆ. ಬೆಳಗಿನಿಂದ ಸಂಜೆಯವರೆಗೆ ಗಾಜಿನ ಜೊತೆಗೇ ಸಂಸಾರ. ಅದಕ್ಕೇ ಆ ಹೆಸರು. ಯಾರು ಇಟ್ಟರೋ ತಿಳಿಯದು, ಬಾಗಿಲು ಕಾಯುವವನಿಂದ ಹಿಡಿದು ಡಾಕ್ಟರಮ್ಮನವರೆಗೆ ಎಲ್ಲರ ಬಾಯಲ್ಲೂ ಅದೇ.

ಅವಳ ಕೆಲಸಕ್ಕೊಂದು ಕ್ರಮವಿತ್ತು. ನೋಡಿದ ಕೂಡಲೇ ಖಚಿತವಾದದ್ದನ್ನು ಬರೆದುಬಿಡುತ್ತಿದ್ದಳು. ಒಂದು ಚೂರು ಸಂಶಯ ಬಂದರೂ ಆ ಗಾಜನ್ನು ಪಕ್ಕದ ತಟ್ಟೆಗೆ ಸರಿಸಿ ಮುಂದಿನದಕ್ಕೆ ಹೋಗುತ್ತಿದ್ದಳು. ಎಲ್ಲ ಮುಗಿದ ಮೇಲೆ ಎದ್ದು, ಮುಖ ತೊಳೆದು, ನನ್ನ ಹತ್ತಿರ ಎರಡು ಮಾತಾಡಿ, ಮತ್ತೆ ಹೋಗಿ ಆ ತಟ್ಟೆಯನ್ನು ಎದುರಿಗೆ ಎಳೆದುಕೊಳ್ಳುತ್ತಿದ್ದಳು. ಆಗಲೂ ತಿಳಿಯದಿದ್ದರೆ ಸರಿ, ರೋಗಿಯನ್ನು ಇನ್ನೊಮ್ಮೆ ಕರೆಸಬೇಕು, ನಾನು ಇನ್ನೊಮ್ಮೆ ಚುಚ್ಚಬೇಕು. ತೀರ್ಮಾನ ಅವಳದು, ಬೈಗುಳ ನನಗೆ.

ಒಂದು ಸಲ ನಾನೂ ರೇಗಿದ್ದೆ. "ಅಂದಾಜಿಗೆ ಏನಾದ್ರೂ ಬರೆದು ಕಳಿಸಕ್ಕ, ಆ ಮನುಷ್ಯ ನನ್ನನ್ನ ನುಂಗೋ ಹಾಗೆ ನೋಡ್ತಾನೆ."

"ಬೇರೆ ಏನು ಬೇಕಾದ್ರೂ ಹೇಳು, ಅದೊಂದು ಹೇಳ್ಬೇಡ," ಅಂದಳು. "ಗೊತ್ತಾಗ್ಲಿಲ್ಲ ಅಂತ ಬರೀತೀನಿ. ಗೊತ್ತಿಲ್ದೆ ಬರಿಯಲ್ಲ. ಅಂದಾಜು ಅಂದ್ರೆ ಇನ್ನೊಬ್ರ ಮೈ ಮೇಲೆ ಜೂಜಾಡಿದ ಹಾಗೆ ಕಣೇ."

ಗಾಜಕ್ಕ ಬಡಾಯಿ ಕೊಚ್ಚುವವಳಲ್ಲ. ಹಳ್ಳಿಯ ಶಾಲೆಯಲ್ಲಿ ನಮ್ಮ ಭಾಷೆಯಲ್ಲೇ ಓದಿದವಳು. ಆಮೇಲೆ ಲ್ಯಾಬಿನ ಡಿಪ್ಲೊಮಾ, ಆಮೇಲೆ ಕೆಲಸ ಮಾಡುತ್ತಲೇ ಒಂದು ಡಿಗ್ರಿ. ಪುಸ್ತಕದ ಇಂಗ್ಲಿಷನ್ನು ನಿಧಾನವಾಗಿ ಓದಿ ಅರ್ಥ ಮಾಡಿಕೊಳ್ಳುತ್ತಾಳೆ. ಮಾತಾಡು ಎಂದರೆ ಮಾತ್ರ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ. ನನಗೂ ಅಷ್ಟೇ. ಆದರೆ ನಾನು ತಪ್ಪುತಪ್ಪಾಗಿ ಆಡಿ ಗೆದ್ದು ಬರುತ್ತೇನೆ, ಅವಳು ಸರಿಯಾದ ಮಾತು ಹುಡುಕುತ್ತಾ ನಿಂತುಬಿಡುತ್ತಾಳೆ.

ಕಷ್ಟ ಶುರುವಾದದ್ದು ಹೊಸ ಯಂತ್ರದ ಸುದ್ದಿಯಿಂದ. ಗಾಜನ್ನು ಅದೇ ನುಂಗುತ್ತದಂತೆ, ಅದೇ ಫೋಟೊ ತೆಗೆಯುತ್ತದಂತೆ, ಯಾವ ಕಣ ಯಾವ ಜಾತಿಯದೆಂದು ಅದೇ ವಿಂಗಡಿಸುತ್ತದಂತೆ. ಡಾಕ್ಟರಮ್ಮ ಗಾಜಕ್ಕನನ್ನು ಕೋಣೆಗೆ ಕರೆದರು. ಒಬ್ಬಳೇ ಹೋಗಲು ಧೈರ್ಯ ಸಾಲದೆ ಅವಳು ನನ್ನನ್ನೂ ಎಳೆದುಕೊಂಡು ಹೋದಳು.

"ಯಂತ್ರ ನೋಡಿದ್ದನ್ನ ಪರೀಕ್ಷೆ ಮಾಡಿ ಸಹಿ ಹಾಕೋಕೆ ಒಬ್ರು ಬೇಕು," ಅಂದರು ಡಾಕ್ಟರಮ್ಮ. "ಆ ಕುರ್ಚಿಗೆ ಲ್ಯಾಬ್ ಆಡಳಿತದಲ್ಲಿ ಸ್ನಾತಕೋತ್ತರ ಪದವಿ ಬೇಕು ಅಂತ ಮೇಲಿನವರು ಬರೆದುಬಿಟ್ಟಿದ್ದಾರೆ. ಈ ವರ್ಷ ಸೀಟು ಸಿಕ್ರೆ ನಿಮಗೆ ರಜೆ ಕೊಟ್ಟು ಕಳಿಸ್ತಾರೆ, ಕುರ್ಚಿ ನಿಮಗಾಗಿ ಕಾಯುತ್ತೆ. ಸಿಗದಿದ್ರೆ ಹೊರಗಿನವರನ್ನ ತೊಗೋತಾರೆ."

"ಆಗ ನಾನು, ಮೇಡಂ?"

"ಸ್ಯಾಂಪಲ್ ಕೌಂಟರ್. ಹೆಸರು ಕೇಳಿ ಚೀಟಿ ಅಂಟಿಸೋದು." ಅವರ ಮುಖವೂ ಸಣ್ಣಗಾಗಿತ್ತು. "ನನ್ನ ಕೈಲಿದ್ರೆ ನಾಳೆನೇ ನಿಮಗೆ ಕೊಡ್ತಿದ್ದೆ."

ಹೊರಗೆ ಬಂದ ಮೇಲೆ ಗಾಜಕ್ಕ ನೇರ ತನ್ನ ಮೇಜಿಗೆ ಹೋಗಿ ಕೂತಳು. ಮೈಕ್ರೋಸ್ಕೋಪು ಬಿಟ್ಟರೆ ಆ ಹೆಂಗಸಿಗೆ ಈ ಕಟ್ಟಡದಲ್ಲಿ ಬೇರೆ ಜಾಗವೇ ಇರಲಿಲ್ಲ. ಕೌಂಟರಿನಲ್ಲಿ ಅವಳನ್ನು ಊಹಿಸಿಕೊಳ್ಳಲೂ ನನ್ನಿಂದಾಗಲಿಲ್ಲ.

ಸೀಟಿಗೆ ಒಂದು ಪರೀಕ್ಷೆ ಬರೆಯಬೇಕು. ಜಿಆರ್‌ಇ ಆದರೂ ಸರಿ, ಜಿಮ್ಯಾಟ್ ಆದರೂ ಸರಿ, ಎರಡೂ ಇಂಗ್ಲಿಷಿನ ಪ್ರವೇಶ ಪರೀಕ್ಷೆಗಳೇ, ಎರಡರಲ್ಲಿ ಒಂದರ ಅಂಕ ಕೊಟ್ಟರೆ ಕಾಲೇಜಿಗೆ ಸಾಕು. ಒಂದೇ ಪರೀಕ್ಷೆ ಎಂದಿದ್ದರೆ ಅವಳು ತಲೆ ಬಗ್ಗಿಸಿ ಓದಿ ಬರೆದು ಬಂದುಬಿಡುತ್ತಿದ್ದಳು. ಎರಡು ಎಂದದ್ದೇ ತಪ್ಪಾಯಿತು. ಆಯ್ಕೆ ಎನ್ನುವುದು ಇಂಗ್ಲಿಷು ಬಂದವರಿಗೆ ಅನುಕೂಲವಿರಬಹುದು, ನಮ್ಮಂಥವರಿಗೆ ಅದು ಇನ್ನೊಂದು ಪರೀಕ್ಷೆ.

ಅವಳ ಮನೆಯಲ್ಲಿ ಎಲ್ಲರೂ ಪಂಡಿತರಾದರು. ಭಾವ, ಅಂದರೆ ಅವಳ ಗಂಡ, ಲಿಫ್ಟ್ ರಿಪೇರಿ ಮಾಡುವವರು. "ಲಿಫ್ಟಿಗೂ ಎರಡೇ ಗುಂಡಿ, ಮೇಲೆ, ಕೆಳಗೆ. ಎಷ್ಟು ಹೊತ್ತು ನಿಂತ್ಕೊಂಡು ನೋಡ್ತೀಯ, ಒಂದು ಒತ್ತು ಮಾರಾಯ್ತಿ," ಎಂದು ಅವರು ಟೂಲು ಚೀಲ ಹೆಗಲಿಗೇರಿಸಿ ಹೋಗುತ್ತಿದ್ದರು. ಅವಳ ಅತ್ತೆಗೆ ಎರಡು ಪರೀಕ್ಷೆಗಳೂ ಎರಡು ಸಂಬಂಧಗಳಂತೆ ಕಂಡಿದ್ದವು. "ಎರಡರಲ್ಲಿ ಯಾವುದು ಸ್ವಲ್ಪ ಸಾಧು?" ಎಂದು ಕೇಳುತ್ತಿದ್ದರು. "ಮನೆತನ ವಿಚಾರಿಸಿದ್ಯಾ?"

ಮಗಳು ಹೈಸ್ಕೂಲು. ಇಂಗ್ಲಿಷು ಅವಳ ಬಾಯಲ್ಲಿ ನೀರಿನ ಹಾಗೆ ಹರಿಯುತ್ತದೆ. ಒಂದು ಭಾನುವಾರ ಮಧ್ಯಾಹ್ನ ನಾನು ಹೋದಾಗ ತಾಯಿ ಮಗಳು ಊಟದ ಮೇಜಿನ ಎದುರುಬದುರು ಕೂತಿದ್ದರು. ಜಿಆರ್‌ಇಗೆ ಪದಗಳು ಬರಬೇಕು, ರಾಶಿ ರಾಶಿ ಪದಗಳು, ಯಾರೂ ಬಸ್ಸಿನಲ್ಲಿ, ಆಫೀಸಿನಲ್ಲಿ, ಜಗಳದಲ್ಲಿ ಕೂಡ ಆಡದಂಥವು. ಮಗಳು ಫೋನು ನೋಡಿ ಒಂದೊಂದಾಗಿ ಹೇಳುತ್ತಿದ್ದಳು. ಗಾಜಕ್ಕ ತಲೆಯಾಡಿಸುತ್ತಿದ್ದಳು, ಗೊತ್ತಿಲ್ಲ, ಗೊತ್ತಿಲ್ಲ, ಗೊತ್ತಿಲ್ಲ.

"ಪರ್ನೀಶಿಯಸ್?" ಅಂದಳು ಮಗಳು.

ಗಾಜಕ್ಕನ ಕಣ್ಣು ಅರಳಿತು. "ಅದು ಗೊತ್ತು! ರಕ್ತ ಕಮ್ಮಿಯಾಗೋ ಒಂದು ಕಾಯಿಲೆ. ಕೆಂಪು ಕಣ ಎಲ್ಲ ದೊಡ್ಡ ದೊಡ್ಡದಾಗಿ, ಮೊಟ್ಟೆ ಆಕಾರಕ್ಕೆ ಬಂದಿರುತ್ತೆ. ವಿಟಮಿನ್ ಚುಚ್ಚಿದ್ರೆ ಸರಿಹೋಗುತ್ತೆ."

ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯೋ ಅಮ್ಮ! ಸದ್ದಿಲ್ದೆ ಹಾಳು ಮಾಡೋದು ಅಂತ ಅರ್ಥ. ಇದನ್ನ ನನ್ನ ಫ್ರೆಂಡ್ಸಿಗೆ ಹೇಳ್ಲೇಬೇಕು." ಅಷ್ಟು ಹೇಳಿ ಫೋನಿನಲ್ಲಿ ಟಪಟಪ ಬೆರಳಾಡಿಸಿದಳು. ಆ ಮಗುವಿಗೆ ಕೆಡುಕಿಲ್ಲ. ನನಗೂ ನಗು ಬಂದಿತ್ತು, ಸುಳ್ಳೇಕೆ ಹೇಳಲಿ. ಗಾಜಕ್ಕನೂ ನಕ್ಕಳು. ಆದರೆ ಎದ್ದು ಹೋಗಿ ತೊಳೆದಿಟ್ಟ ಲೋಟಗಳನ್ನೇ ಮತ್ತೆ ತೊಳೆಯತೊಡಗಿದಳು. ಅಂದಿನಿಂದ ಮಗಳ ಮುಂದೆ ಆ ಪದಗಳ ಪಟ್ಟಿ ತೆಗೆಯಲಿಲ್ಲ.

ಜಿಮ್ಯಾಟಿನಲ್ಲಿ ಅಂಥ ಪದಗಳ ಕಾಟವಿರಲಿಲ್ಲ. ಚಿಕ್ಕ ಚಿಕ್ಕ ವಿಷಯ ಕೊಟ್ಟು ಅದರ ಹುಳುಕು ಹುಡುಕಿ ಎನ್ನುತ್ತಿದ್ದರು. ಒಂದು ಊರಿನಲ್ಲಿ ಬೀದಿದೀಪ ಹಾಕಿಸಿದರು, ಕಳ್ಳತನ ಕಮ್ಮಿಯಾಯಿತು, ದೀಪದಿಂದಲೇ ಕಮ್ಮಿಯಾಯಿತು ಎಂದು ಅಧ್ಯಕ್ಷರು ಹೇಳುತ್ತಾರೆ. ಕೆಳಗಿನ ಯಾವ ಮಾತು ಅವರ ವಾದವನ್ನು ದುರ್ಬಲಗೊಳಿಸುತ್ತದೆ? ಇಂಥವು. ಗಾಜಕ್ಕನಿಗೆ ಇದು ಹಿಡಿಸಿತು. "ಕಳ್ಳನ್ನ ಅದಕ್ಕೂ ಮುಂಚೆನೇ ಹಿಡಿದಿದ್ರೋ ಏನೋ. ಅದನ್ನ ನೋಡ್ಬೇಕಲ್ವಾ?" ಅನ್ನುತ್ತಿದ್ದಳು. ನಿಧಾನವಾದರೂ ಸರಿಯಾಗಿ ಹೇಳುತ್ತಿದ್ದಳು. ಆದರೆ ಮಾರನೆಯ ದಿನ ಯಾರೋ, ಜಿಮ್ಯಾಟಿನಲ್ಲಿ ಲೆಕ್ಕ ಕಷ್ಟ, ಇನ್ನೊಂದರಲ್ಲಿ ಲೆಕ್ಕ ಸುಲಭ ಅನ್ನುತ್ತಿದ್ದರು. ಇವಳು ಮತ್ತೆ ಜಿಆರ್‌ಇ ಕಡೆ ವಾಲುತ್ತಿದ್ದಳು. ಇನ್ನೊಬ್ಬರು, ಅದರಲ್ಲಿ ಪ್ರಬಂಧ ಬೇರೆ ಬರೆಯಬೇಕು ಅನ್ನುತ್ತಿದ್ದರು. ಮತ್ತೆ ಈ ಕಡೆ. ಎರಡು ದೋಣಿಯ ಮೇಲೆ ಕಾಲಿಟ್ಟು ನಿಂತವಳನ್ನು ದಡದಿಂದ ನೋಡುವುದೇ ನಮ್ಮ ಕೆಲಸವಾಯಿತು, ಮತ್ತು ವಾರಗಳು ಕಳೆದುಹೋದವು.

ಕೊನೆಗೆ ನಾನೇ ಅವಳನ್ನು ಒಂದು ಕೋಚಿಂಗ್ ಸೆಂಟರಿಗೆ ಕರೆದುಕೊಂಡು ಹೋದೆ. ಗೋಡೆಯ ತುಂಬ ಗೆದ್ದವರ ನಗುಮುಖಗಳು, ಎಲ್ಲವೂ ಎಳೆಯವು. ಅಲ್ಲಿನ ಮೇಷ್ಟ್ರು ನಮ್ಮನ್ನು ನಿಂತಂತೆಯೇ ಮಾತಾಡಿಸಿದರು.

"ಇಂಗ್ಲಿಷ್ ಮೀಡಿಯಮ್ಮಾ?"

"ಅಲ್ಲ ಸರ್."

"ಪದ ಬರುತ್ತಾ?"

"ಇಲ್ಲ ಸರ್."

"ಲೆಕ್ಕ?"

"ಪರವಾಗಿಲ್ಲ ಸರ್."

"ಹಾಗಾದ್ರೆ ಜಿಮ್ಯಾಟ್. ಯೋಚನೆನೇ ಮಾಡ್ಬೇಡಿ." ಅಷ್ಟು ಹೇಳಿ ಅವರು ತರಗತಿಗೆ ಹೋಗಿಬಿಟ್ಟರು.

ಗಾಜಕ್ಕ ಮೆಟ್ಟಿಲಿಳಿಯುತ್ತಾ ನಿಟ್ಟುಸಿರು ಬಿಟ್ಟಳು. ಯಾರೋ ಒಬ್ಬರು ಅವಳ ಪರವಾಗಿ ಹೇಳಿಬಿಟ್ಟರಲ್ಲ, ಅದೇ ಅವಳಿಗೆ ಸಾಕಾಗಿತ್ತು. ಇಂಗ್ಲಿಷು ಎಲ್ಲಿ ಕಮ್ಮಿ ಎಂಬ ಒಂದೇ ತಕ್ಕಡಿಯಲ್ಲಿ ನಾವೆಲ್ಲ ಎರಡೂ ಪರೀಕ್ಷೆಗಳನ್ನು ತೂಗಿದ್ದೆವು. ನೀನು ಕೆಲಸ ಹೇಗೆ ಮಾಡುತ್ತೀ ಎಂದು ಅವಳನ್ನು ಮೇಷ್ಟ್ರೂ ಕೇಳಲಿಲ್ಲ, ನಾವೂ ಕೇಳಲಿಲ್ಲ.

ಓದು ಶುರುವಾಯಿತು. ಲ್ಯಾಬಿನ ಕಂಪ್ಯೂಟರಿನಲ್ಲಿ ದಿನವಿಡೀ ರಿಪೋರ್ಟುಗಳು ಹೊರಡುತ್ತಿರುತ್ತವೆ, ಮನೆಯದು ಮಗಳ ವಶದಲ್ಲಿ. ಅದಕ್ಕೆ ಅವಳು ಯಾರದೋ ಹಳೆಯ ಪುಸ್ತಕದ ಪ್ರಶ್ನೆಗಳನ್ನು ಪ್ರಿಂಟು ಹಾಕಿಸಿ, ಊಟದ ಬಿಡುವಿನಲ್ಲಿ ಔಷಧದ ಪೆಟ್ಟಿಗೆಗಳ ನಡುವೆ ಕೂತು ಪೆನ್ಸಿಲಿನಲ್ಲಿ ಬಿಡಿಸುತ್ತಿದ್ದಳು. ಗೊತ್ತಿದ್ದಕ್ಕೆ ಗುರುತು ಹಾಕುವುದು, ಸಂಶಯವಿದ್ದದ್ದರ ಪಕ್ಕ ಒಂದು ಚುಕ್ಕೆ ಇಟ್ಟು ಮುಂದೆ ಹೋಗುವುದು, ಕೊನೆಯಲ್ಲಿ ಚುಕ್ಕೆಗಳಿಗೆ ಮರಳುವುದು. ಹಾಗೆ ಮಾಡಿದಾಗ ಅವಳ ಅಂಕ ಕಾಲೇಜಿಗೆ ಬೇಕಾದದ್ದಕ್ಕಿಂತ ಮೇಲೇ ಬರುತ್ತಿತ್ತು. ಡಾಕ್ಟರಮ್ಮ ಒಮ್ಮೆ ಬಂದು ನೋಡಿ ಬೆನ್ನು ತಟ್ಟಿ ಹೋದರು. ಅವಳ ಮುಖದಲ್ಲಿ ಬಹಳ ದಿನಗಳ ಮೇಲೆ ಗೆಲುವು ಕಂಡಿತು.

ಮಗಳೇ ಎಚ್ಚರಿಸಿದ್ದು. "ಅಮ್ಮ, ಪರೀಕ್ಷೆ ಕಂಪ್ಯೂಟರಲ್ಲಿ. ಅಲ್ಲಿ ಹೀಗೆ ಚುಕ್ಕೆ ಇಟ್ಟು ಹಾರಿಸೋ ಹಾಗಿಲ್ಲ. ಏನಾದ್ರೂ ಒಂದು ಉತ್ತರ ಒತ್ತಿದ್ರೇನೇ ಮುಂದಿನ ಪ್ರಶ್ನೆ ಬರೋದು. ಕೊನೆಗೆ ಟೈಮ್ ಉಳಿದ್ರೆ ಮೂರು ಉತ್ತರ ಬದಲಾಯಿಸ್ಬಹುದು, ಅಷ್ಟೇ."

"ಗೊತ್ತಿಲ್ದಿದ್ರೂ ಒತ್ಬೇಕಾ?"

"ಗೊತ್ತಿಲ್ದಿದ್ರೂ. ಕಣ್ಮುಚ್ಚಿ ಒಂದು ಒತ್ತೋದು. ಎಲ್ಲರೂ ಹಾಗೇ ಮಾಡೋದು."

"ಒತ್ತಿದ್ರಾಯ್ತು ಬಿಡು," ಅಂದಳು ಗಾಜಕ್ಕ. ನಾನೂ ಅಲ್ಲೇ ಇದ್ದೆ. ಒತ್ತುವುದೇನು ಮಹಾ, ಬೆರಳಿಗೇನು ನೋವೇ ಎಂದು ನಾನೂ ಅಂದುಕೊಂಡೆ. ಮನೆಯ ಕಂಪ್ಯೂಟರಿನಲ್ಲಿ ಮಗಳು ಎರಡು ಸಲ ಕೂರಿಸಿ ತೋರಿಸಿದಳು. ಮಗಳು ಪಕ್ಕದಲ್ಲಿ ನಿಂತು "ಒತ್ತು, ಒತ್ತು" ಅಂದರೆ ಇವಳು ಒತ್ತುತ್ತಿದ್ದಳು.

ಪರೀಕ್ಷೆಯ ಬೆಳಿಗ್ಗೆ ನಾನು ಜೊತೆಗೆ ಹೋದೆ. ಗಾಜಿನ ಬಾಗಿಲಿನ ತಣ್ಣನೆಯ ಕಚೇರಿ. ಗಡಿಯಾರ ಬಿಚ್ಚಿಸಿದರು, ತಲೆಯ ಕ್ಲಿಪ್ಪು ನೋಡಿದರು, ಕನ್ನಡಕ ತೆಗೆಸಿ ತಿರುಗಿಸಿ ನೋಡಿದರು. ಆಮೇಲೆ ಅಂಗೈಯನ್ನು ಒಂದು ಯಂತ್ರದ ಮೇಲೆ ಇಡಿಸಿಕೊಂಡರು. ದಿನವೂ ನೂರಾರು ಜನರ ಕೈ ಚಾಚಿಸುವ ನಾನು, ಅವಳು ಕೈ ಚಾಚಿದ್ದನ್ನು ದೂರದಿಂದ ನೋಡಿದೆ. ಒಳಗೆ ಹೋಗುವ ಮುಂಚೆ ಒಮ್ಮೆ ತಿರುಗಿ ನೋಡಿದಳು. ನಾನು ಹೆಬ್ಬೆರಳು ಎತ್ತಿ ತೋರಿಸಿದೆ. ಇನ್ನೇನು ಮಾಡಲಿ, ನನ್ನ ಕೈಲಾದದ್ದು ಅಷ್ಟೇ.

ಹೊರಗೆ ಬಂದವಳ ಮುಖ ಬಾಡಿತ್ತು. ಮೆಟ್ಟಿಲ ಮೇಲೆ ಕೂತಳು. ನಾನು ನೀರಿನ ಬಾಟಲಿ ಕೊಟ್ಟೆ. ಅದನ್ನು ಕುಡಿಯದೆ ಕೈಯಲ್ಲೇ ಹಿಡಿದುಕೊಂಡು ಹೇಳಿದಳು.

"ಲೆಕ್ಕ ಚೆನ್ನಾಗೇ ಆಯ್ತು. ಆಮೇಲೆ ಓದೋ ಭಾಗ ಬಂತು. ಮೊದಲು ನಾಲ್ಕೈದು ಸರಿ ಹೋಯ್ತು. ಆಮೇಲೆ ಯಾವುದೋ ದ್ವೀಪದ ಹಕ್ಕಿಗಳ ವಿಷಯ. ಎರಡು ಉತ್ತರ ಒಂದೇ ಥರ ಇತ್ತು ಕಣೇ. ಸರಿಯಾಗಿ ಒಂದೇ ಥರ. ಒಂದು ಸರಿ, ಒಂದು ತಪ್ಪು, ಯಾವುದು ಅಂತ ನಂಗೆ ಗೊತ್ತಿಲ್ಲ."

"ಒಂದು ಒತ್ಬೇಕಿತ್ತಲ್ಲಕ್ಕ."

"ಒತ್ಬೇಕು ಅಂತ ಗೊತ್ತಿತ್ತು. ಬೆರಳು ಮೌಸಿನ ಮೇಲೇ ಇತ್ತು. ಆಗ್ಲಿಲ್ಲ." ಅವಳು ನನ್ನ ಕಡೆ ನೋಡಿದಳು. "ಇಷ್ಟು ವರ್ಷ ಗೊತ್ತಿಲ್ದಿದ್ದನ್ನ ಬರಿಯಲ್ಲ ಅಂತ ಕೂತವಳು ನಾನು. ಆ ಕೈಗೆ ಒಂದೇ ದಿನದಲ್ಲಿ ಹೇಗೆ ಹೇಳ್ಲಿ? ಇನ್ನೊಂದ್ಸಲ ಓದ್ತೀನಿ ಅಂದ್ಕೊಂಡೆ. ಇನ್ನೊಂದ್ಸಲ ಓದಿದೆ. ಗಡಿಯಾರ ಓಡ್ತಾನೇ ಇತ್ತು, ಮೂಲೆಯಲ್ಲಿ, ಕಾಣಿಸ್ತಾನೇ ಇತ್ತು. ಕಡೆಗೆ ಹೇಗೋ ಒಂದು ಒತ್ತಿದೆ. ಅಲ್ಲಿಂದ ಮುಂದೆ ಯಾವುದನ್ನೂ ನಂಬೋಕಾಗ್ಲಿಲ್ಲ. ಟೈಮ್ ಮುಗೀತು ಅಂತ ಬಂದಾಗ ಇನ್ನೂ ಎಷ್ಟೋ ಪ್ರಶ್ನೆ ನೋಡೇ ಇರ್ಲಿಲ್ಲ. ನೋಡದೇ ಇದ್ದದ್ದಕ್ಕೂ ಅಂಕ ಕಳೀತಾರಂತೆ."

ಅಂಕವನ್ನು ತೆರೆಯ ಮೇಲೆ ಅಲ್ಲೇ ತೋರಿಸಿದ್ದರು. ಕಾಲೇಜು ಕೇಳಿದ್ದಕ್ಕಿಂತ ಬಹಳ ಕೆಳಗಿತ್ತು. ಮತ್ತೆ ಕೂರಬೇಕೆಂದರೆ ಎರಡು ವಾರಕ್ಕೂ ಹೆಚ್ಚು ಕಾಯಬೇಕೆಂಬ ನಿಯಮ, ಕಾಲೇಜಿನ ಗಡುವು ಅದಕ್ಕೂ ಮೊದಲೇ. ಯಾವುದು ಎಂದು ತೂಗುತ್ತಾ ಕೂತ ವಾರಗಳು ಈಗ ಬಂದು ಎದುರಿಗೆ ನಿಂತವು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಇದು ಅದೇ. ನನಗೆ ಅಳು ಬಂತು, ಸಿಟ್ಟೂ ಬಂತು, ಯಾರ ಮೇಲೆ ಎಂದು ಮಾತ್ರ ಗೊತ್ತಾಗಲಿಲ್ಲ. ಇಬ್ಬರೂ ಬಸ್ಸು ಹಿಡಿದು ಅವಳ ಮನೆಗೆ ಬಂದೆವು.

ಮನೆಯಲ್ಲಿ ಮಗಳು ಕೂಗಾಡಿದಳು. "ಯಾವುದಾದ್ರೂ ಒಂದು ಒತ್ತೋಕೆ ಏನಮ್ಮ ಕಷ್ಟ? ಎಷ್ಟು ಸಲ ಹೇಳಿಕೊಟ್ಟೆ!" ಅತ್ತೆ ಮೊಮ್ಮಗಳ ಬಾಯಿ ಮುಚ್ಚಿಸಿದರು. ಭಾವ ಅಂದು ಲಿಫ್ಟಿನ ಮಾತೆತ್ತಲಿಲ್ಲ, ಹೆಂಡತಿಯ ಪಕ್ಕ ಬಂದು ಕೂತರು.

ಡಾಕ್ಟರಮ್ಮ ಮೇಲಿನವರ ಹತ್ತಿರ ಹೋಗಿ ಬೇಡಿಕೊಂಡರಂತೆ. ನಿಯಮ ಎಂದರೆ ನಿಯಮ ಅಂದರಂತೆ. ಕಾಲೇಜಿಗೂ ಫೋನು ಮಾಡಿದರು, ಅಲ್ಲಿ ಎತ್ತಿದ ಹುಡುಗಿ ತುಂಬ ವಿನಯವಾಗಿ ಆಗುವುದಿಲ್ಲ ಅಂದಳು. ಯಾರೂ ಕೆಟ್ಟವರಲ್ಲ. ಒಬ್ಬರಾದರೂ ಕೆಟ್ಟವರಿದ್ದಿದ್ದರೆ ನಾನು ಹೋಗಿ ಜಗಳವಾಡಿ ಬರುತ್ತಿದ್ದೆ.

ಯಂತ್ರ ಬಂತು. ಅದರ ಹಿಂದೆಯೇ ಹೊರಗಿನಿಂದ ಒಬ್ಬ ಯುವಕ ಬಂದ, ಒಳ್ಳೆಯವನೇ, ಎಲ್ಲರಿಗೂ ನಮಸ್ಕಾರ ಹೇಳುತ್ತಾನೆ. ಗಾಜಕ್ಕ ಕೌಂಟರಿಗೆ ಹೋದಳು. ನಮ್ಮ ನಡುವಿನ ಕಿಟಕಿ ಈಗ ಮುಚ್ಚಿದೆ. ಅವಳು ಹೆಸರು ಕೇಳಿ ಟ್ಯೂಬಿಗೆ ಚೀಟಿ ಅಂಟಿಸಿ ನನ್ನ ಕಡೆ ಕಳಿಸುತ್ತಾಳೆ, ನಾನು ಚುಚ್ಚಿ ಯಂತ್ರದ ಕೋಣೆಗೆ ಕಳಿಸುತ್ತೇನೆ. ರೋಗಿಗಳೀಗ ಅವಳ ಮುಖವನ್ನೂ ನೋಡುತ್ತಾರೆ. ರಿಪೋರ್ಟು ಯಾವಾಗ, ಏನಾದರೂ ದೊಡ್ಡ ಕಾಯಿಲೆಯೇ ಎಂದು ಅವಳನ್ನು ಕೇಳುತ್ತಾರೆ. ಅವಳು ಸಂಜೆ ಬನ್ನಿ ಎನ್ನುತ್ತಾಳೆ.

ಹೋದ ವಾರ ಮಗಳು ಶಾಲೆ ಮುಗಿಸಿ ಮನೆಯ ಬೀಗದಕೈ ಇಸಿದುಕೊಳ್ಳಲು ಬಂದಿದ್ದಳು. ಅಮ್ಮನ ಹತ್ತಿರ ಹೋಗುವ ಬದಲು ಮೊದಲು ನನ್ನ ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿದಳು.

"ಚಿಕ್ಕಮ್ಮ, ನಾನು ಸುಮ್ನೆ ಓದಿ ನೋಡಿದೆ. ಜಿಆರ್‌ಇಲಿ ಗೊತ್ತಿಲ್ದಿದ್ದನ್ನ ಖಾಲಿ ಬಿಟ್ಟು ಮುಂದೆ ಹೋಗ್ಬಹುದಂತೆ. ಗುರುತು ಮಾಡಿಟ್ಟು, ಆ ಭಾಗ ಮುಗಿಯೋ ಮುಂಚೆ ಮತ್ತೆ ಬಂದು ನೋಡ್ಬಹುದಂತೆ. ಎಷ್ಟು ಸಲ ಬೇಕಾದ್ರೂ." ಅವಳು ಮುಚ್ಚಿದ ಬಾಗಿಲನ್ನು ಇನ್ನೊಮ್ಮೆ ನೋಡಿದಳು. "ಅಮ್ಮ ಮಾಡೋದೇ ಹಾಗೆ ಅಲ್ವಾ ಚಿಕ್ಕಮ್ಮ? ಪದ ಹೇಗೋ ಕಲೀತಿದ್ಲು. ನಾನು ನಗದೇ ಇದ್ದಿದ್ರೆ ಕಲೀತಿದ್ಲು."

ಆ ಮಗುವನ್ನು ಎಳೆದು ಹತ್ತಿರ ಕೂರಿಸಿಕೊಂಡೆ. ಕೆಟ್ಟ ಮೇಲೆ ಬುದ್ಧಿ ಬಂದು ಏನು ಪ್ರಯೋಜನ?

"ಅಮ್ಮಂಗೆ ಹೇಳ್ಲಾ?" ಅಂದಳು.

"ಬೇಡ," ಅಂದೆ.

ಇವತ್ತು ಮಧ್ಯಾಹ್ನ ಜನ ಕಮ್ಮಿಯಿದ್ದರು. ನಾನು ಕೌಂಟರಿಗೆ ಹೋಗಿ ಅವಳ ಪಕ್ಕದ ಸ್ಟೂಲಿನ ಮೇಲೆ ಕೂತೆ. ಗಾಜಕ್ಕ ಚೀಟಿಗಳ ಸುರುಳಿಯನ್ನು ಬೆರಳಿನಲ್ಲಿ ಸುತ್ತುತ್ತಾ ಸುತ್ತುತ್ತಾ, ನನ್ನ ಮುಖ ನೋಡದೆ ಕೇಳಿದಳು.

"ಇನ್ನೊಂದನ್ನ ಬರೆದಿದ್ರೂ ಇಷ್ಟೇ ಆಗ್ತಿತ್ತು, ಅಲ್ವೇನೇ?"

ನಾನು ಯೋಚಿಸಲು ಹೋಗಲಿಲ್ಲ. "ಹೂಂ ಅಕ್ಕ, ಇಷ್ಟೇ ಆಗ್ತಿತ್ತು," ಅಂದೆ.

"ಸದ್ಯ," ಅಂದಳು ಗಾಜಕ್ಕ. ಬಹಳ ದಿನಗಳಿಂದ ಹಿಡಿದಿಟ್ಟ ಉಸಿರು ಬಿಟ್ಟಳು. ಆಮೇಲೆ ತಲೆಯೆತ್ತಿ, ಸಾಲಿನಲ್ಲಿ ನಿಂತಿದ್ದ ಮುದುಕರ ಹೆಸರು ಕೇಳಿದಳು.